ಆಲಿಕಲ್ಲು ಹೊತ್ತವನು

ಅವತ್ತು ಸಂತೆಯಲ್ಲಿ ನಾನು ಬೆವರಿ ತೊಪ್ಪೆಯಾಗಿದ್ದೆ, ಎದುರಿಗೆ ಕೂತವನು ಗಡಗಡ ನಡುಗುತ್ತಿದ್ದ. ಇಬ್ಬರ ಮೇಲೂ ಇದ್ದದ್ದು ಒಂದೇ ಅತ್ತಿಮರದ ನೆರಳು.

ನಾನು ಚೋಕೆ ಬೆಟ್ಟದ ಮೇಲಿನವಳು. ನಮ್ಮ ಸೀಮೆಗೆ ದೆಗಾ ಅನ್ನುತ್ತಾರೆ. ಬಾರ್ಲಿ, ಕುರಿ, ಮಂಜು, ಬೆಳಗಾದರೆ ಹುಲ್ಲಿನ ಮೇಲೆ ಬೆಳ್ಳಗೆ ಹೆಪ್ಪುಗಟ್ಟಿದ ಇಬ್ಬನಿ, ಇಷ್ಟೇ ನಮ್ಮ ಆಸ್ತಿ. ಅವನು ಕೆಳಗೆ ಅಬ್ಬಾಯ್ ನದಿಯ ಕಣಿವೆಯವನು, ಕೊಲ್ಲಾ ಸೀಮೆಯವನು. ಅಲ್ಲಿ ಜಾಲಿಮರ, ಧೂಪದ ಮರ, ಜೋಳ, ಮೇಕೆ, ಕಲ್ಲೂ ಬಾಯಾರುವಂಥ ಬಿಸಿಲು. ಎರಡರ ನಡುವೆ ತೆಫ್ ಅನ್ನುವ ಸಣ್ಣ ಕಾಳು ಬೆಳೆಯುವ ವೊಯ್ನಾದೆಗಾ ಸೀಮೆ. ನಮ್ಮಲ್ಲಿ ಚಳಿಯೂ ಇಲ್ಲ, ಸೆಕೆಯೂ ಇಲ್ಲ ಅಂತ ಆ ಊರಿನವರು ಜಂಬ ಕೊಚ್ಚುತ್ತಾರೆ. ಶನಿವಾರ ಬಂತೆಂದರೆ ಮೇಲಿನವರು ಇಳಿದು, ಕೆಳಗಿನವರು ಹತ್ತಿ, ಅಲ್ಲೇ ಸಂತೆ ಸೇರುತ್ತೇವೆ.

"ಏನಪ್ಪಾ, ಜ್ವರಾನಾ?" ಅಂದೆ.

"ಚಳಿ."

"ಚಳಿನಾ? ಈ ಬೆಂಕಿಲಿ?"

"ನಿನಗೆ ಬೆಂಕಿ. ನಮ್ಮೂರಲ್ಲಿ ಇಂಥ ಗಾಳಿ ಬೀಸಿದ್ರೆ ಮೇಕೆನೂ ಒಳಗೆ ಕಟ್ತೀವಿ."

ಹಾಗಂದು ಹೊದ್ದಿದ್ದ ಬಟ್ಟೆಯನ್ನು ಕಿವಿಯ ತನಕ ಎಳೆದುಕೊಂಡ. ಬಟ್ಟೆಯ ಸಂದಿಯಿಂದ ಎರಡು ಕಣ್ಣು ಮಾತ್ರ ಕಾಣುತ್ತಿದ್ದವು. ಕಣ್ಣೇನೋ ನಡುಗುತ್ತಿರಲಿಲ್ಲ, ನೆಟ್ಟಗೆ ನನ್ನನ್ನೇ ನೋಡುತ್ತಿದ್ದವು. ನಾನು ಬಾರ್ಲಿ ಅಳೆಯುವ ನೆಪ ಮಾಡಿ ತಲೆ ತಗ್ಗಿಸಿದೆ.

ಅವನು ಮಾರಲು ತಂದದ್ದು ಜೇನು. ಕೊಳ್ಳಲು ಬಂದದ್ದು ನನ್ನ ಬೆಣ್ಣೆ. ಅಮ್ಮನ ತಲೆಗೆ ಹಚ್ಚೋಕಂತೆ. ಉಂಡೆ ಮಾಡಿ ಎಲೆಯಲ್ಲಿ ಸುತ್ತುತ್ತ ಇದ್ದವಳಿಗೆ ನಗು ತಡೆಯಲಾಗಲಿಲ್ಲ.

"ಬೆಣ್ಣೆ ಕೊಲ್ಲಾಕ್ಕಾ? ಮನೆ ಮುಟ್ಟೋಷ್ಟರಲ್ಲಿ ನಿನ್ನ ಮೊಣಕೈಯಿಂದ ಸೋರುತ್ತೆ ನೋಡು. ಆಲಿಕಲ್ಲು ಹೊತ್ತ ಕೊಲ್ಲಾದವನ ಕಥೆ ಆಗುತ್ತೆ ನಿಂದು!"

ಇದು ನಮ್ಮೂರಲ್ಲಿ ಕೂಸುಗಳಿಗೂ ಗೊತ್ತಿರುವ ಮಾತು. ಯಾರಾದರೂ ಪೆದ್ದು ಕೆಲಸ ಮಾಡಿದರೆ ಹೀಗೇ ಅನ್ನುವುದು. ಹಿಂದೊಮ್ಮೆ ಯಾವನೋ ಕೊಲ್ಲಾದ ಹುಚ್ಚ ನಮ್ಮ ಹೊಲದಲ್ಲಿ ಬಿದ್ದ ಆಲಿಕಲ್ಲನ್ನು ಗುಡ್ಡೆ ಮಾಡಿ ಎಲೆಯಲ್ಲಿ ಕಟ್ಟಿಕೊಂಡು ಕೆಳಗೆ ಓಡಿದನಂತೆ. ಅದನ್ನು ಕಣ್ಣಾರೆ ಕಂಡದ್ದು ನಮ್ಮಪ್ಪನೇ, ಹುಡುಗನಾಗಿ ಕುರಿ ಕಾಯುತ್ತಿದ್ದಾಗ. ಮುಖಕ್ಕೆ ಬಟ್ಟೆ ಸುತ್ತಿಕೊಂಡು, ಗಂಟನ್ನು ಎದೆಗೆ ಅವಚಿಕೊಂಡು, ಎಡವುತ್ತ ಬೀಳುತ್ತ ಓಡುವ ಅವನ ನಡಿಗೆಯನ್ನು ಅಪ್ಪ ಮಾಡಿ ತೋರಿಸಿದರೆ ಮನೆಮಂದಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ಇವನು ಮಾತ್ರ ನಗಲಿಲ್ಲ. ಬಟ್ಟೆಯಿಂದ ಮುಖ ಹೊರಗೆ ಬಂತು, ಬಣ್ಣ ಇಳಿದಿತ್ತು. ಚೌಕಾಸಿ ಮಾಡದೆ ದುಡ್ಡು ಇಟ್ಟು, ಬೆಣ್ಣೆ ಎತ್ತಿಕೊಂಡು ಹೊರಟೇಬಿಟ್ಟ. ಮುಂದಿನ ಶನಿವಾರ ಬರಲಿಲ್ಲ. ಅವನ ಜಾಗದಲ್ಲಿ ಯಾರೋ ಮೆಣಸಿನಕಾಯಿ ಮಾರುವವಳು ಕೂತಿದ್ದಳು, ಅವಳ ಮೇಲೆ ಸುಮ್ಮಸುಮ್ಮನೆ ರೇಗಿದೆ.

ಅದರ ಮುಂದಿನ ವಾರ ಬಂದ. ನನಗೆ ಜೀವ ಬಂತು. ಹಾಗಂತ ತೋರಿಸಿಕೊಳ್ಳೋದುಂಟೇ?

"ಬೆಣ್ಣೆ ಕರಗ್ತಾ?" ಅಂದೆ, ಮುಖ ಆ ಕಡೆ ಮಾಡಿ.

"ಕರಗ್ತು. ಅಮ್ಮ ತುಪ್ಪ ಅಂತ ತಿಂದ್ಲು."

"ಕೋಪಾನಾ?"

"ನಿನ್ನ ಮೇಲಲ್ಲ." ಹೊತ್ತು ತಂದ ಜೇನನ್ನು ಕೆಳಗಿಟ್ಟ. "ಆ ಆಲಿಕಲ್ಲಿನ ಮಾತು ಮಾತ್ರ ನನ್ನ ಮುಂದೆ ಆಡ್ಬೇಡ. ಬೇರೆ ಎಷ್ಟು ಬೇಕಾದ್ರೂ ಬೈಕೋ."

"ಯಾಕೆ?"

"ಹೇಳೋದು ನನ್ನ ಕೆಲಸ ಅಲ್ಲ. ಯಾವತ್ತಾದ್ರೂ ಹೇಳೋರೇ ಹೇಳ್ತಾರೆ."

ನನ್ನ ಬಾಯಿ ಸ್ವಲ್ಪ ಉದ್ದ, ಊರಿಗೇ ಗೊತ್ತು. ಆದರೂ ಆ ಮಾತನ್ನು ಅವನ ಮುಂದೆ ಮತ್ತೆ ಆಡಲಿಲ್ಲ. ಅಷ್ಟು ಸುಲಭವಾಗಿ ನಾನು ಯಾರ ಮಾತನ್ನೂ ಕೇಳಿದವಳಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಅವನ ಹೆಸರು ಮಲೆದೆ. ಆಮೇಲಿನ ಶನಿವಾರಗಳ ಕಥೆ ಏನು ಹೇಳಲಿ! ಅವನಿಗೆಂದೇ ಅಪ್ಪನ ಹಳೇ ಕಂಬಳಿಯೊಂದನ್ನು ಬಾರ್ಲಿ ಮೂಟೆಯೊಳಗೆ ಬಚ್ಚಿಟ್ಟು ತರುತ್ತಿದ್ದೆ. ಅವನು ನನಗೆ ನಿಂಬೆಹಣ್ಣು ತರುತ್ತಿದ್ದ, ಕೊಲ್ಲಾದ ಬಿಸಿಲು ಕುಡಿದು ಹಳದಿಯಾದವು. ನಾನು ಸೆಕೆ ಅಂತ ಸೆರಗು ಬೀಸಿಕೊಂಡರೆ ಅವನು ಚಳಿ ಅಂತ ಹತ್ತಿರ ಸರಿಯುತ್ತಿದ್ದ.

"ಏಯ್, ಈ ಕಡೆ ಯಾಕೆ ಬರ್ತೀಯ?"

"ನಿನ್ನ ಸೆರಗಿನ ಗಾಳಿ ತಣ್ಣಗಿದೆ, ಅದಕ್ಕೆ ಬಿಸಿಲು ಹುಡುಕ್ತಿದೀನಿ."

"ಬಿಸಿಲು ಆ ಕಡೆ ಇದೆ."

"ನನಗೆ ಈ ಕಡೆ ಕಾಣಿಸ್ತಿದೆ."

ಮೆಣಸಿನಕಾಯಿ ಮಾರುವವಳು ಕೆಮ್ಮಿದಳು. ನಾನು ಕೆಂಪಾದೆ. ಅವಳ ಮೆಣಸಿನಕಾಯಿ ಘಾಟಿಗೇ ಹೀಗಾಯಿತು ಅಂತ ಜೋರಾಗಿಯೇ ಹೇಳಿದೆ.

ಒಂದು ದಿನ ಊಟದ ಅಂಗಡಿಯಲ್ಲಿ ಒಂದೇ ತಟ್ಟೆಗೆ ಕೂತಾಗ, ತೆಫ್ ಹಿಟ್ಟಿನ ದೋಸೆಯಂಥ ಇಂಜೆರಾದ ತುಂಡನ್ನು ಸಾರಿಗೆ ಅದ್ದಿ, ಸುರುಳಿ ಮಾಡಿ ನನ್ನ ಬಾಯಿಗಿಟ್ಟ. ಒಂದೇ ತುತ್ತು ಕೊಟ್ಟರೆ ಜಗಳ ಬರುತ್ತದೆ ಅನ್ನುವುದು ನಮ್ಮ ಕಡೆಯ ಮಾತು, ಅದಕ್ಕೆ ಎರಡನೆಯದನ್ನೂ ಕೊಡಲೇಬೇಕು. ಎರಡನೆಯದನ್ನು ಕೈಯಲ್ಲೇ ಹಿಡಿದುಕೊಂಡು ಕೂತ.

"ಕೊಡಪ್ಪಾ, ಇಲ್ಲಾಂದ್ರೆ ಜಗಳ."

"ನಿಮ್ಮಪ್ಪನ ಹತ್ರ ಹಿರಿಯರನ್ನ ಕಳಿಸ್ಲಾ? ಹೂಂ ಅಂದ್ರೆ ಕೊಡ್ತೀನಿ."

ಹೂಂ ಅನ್ನುವುದು ನಾಲಿಗೆ ತುದಿಯಲ್ಲೇ ಇತ್ತು. ಆದರೆ ಅಪ್ಪನ ನೆನಪಾಯಿತು.

"ಮಲೆದೆ, ನಮ್ಮಪ್ಪ ಒಪ್ಪಲ್ಲ. ನಮ್ಮತ್ತೆ ಅಸ್ನಕು ಅಂತ ಇದ್ಲು, ಅಪ್ಪನ ಅಕ್ಕ. ಅಪ್ಪನ್ನ ಬೆನ್ನಿಗೆ ಕಟ್ಕೊಂಡು ಬೆಳೆಸಿದವಳು. ಕೊಲ್ಲಾಕ್ಕೆ ಮದುವೆ ಆಗಿ ಹೋದ್ಲು. ಎರಡು ಮಳೆಗಾಲ ಕಾಣ್ಲಿಲ್ಲ, ಜ್ವರ ಬಂದು ಸತ್ಲು. ಮಣ್ಣಿಗೆ ಹಾಕಿದ ಮೇಲೆ ನಮಗೆ ಸುದ್ದಿ ಬಂದಿದ್ದು. ಬಾರ್ಲಿ ಬೆಳೆಯದ ನೆಲಕ್ಕೆ ನಮ್ಮನೆ ಹೆಣ್ಣು ಕೊಡಲ್ಲ ಅಂತ ಅಪ್ಪ ಇಗರ್ಜಿ ಬಾಗಿಲಲ್ಲಿ ನಿಂತು ಆಣೆ ಮಾಡಿದ್ದಾನೆ."

"ಗೊತ್ತು," ಅಂದ ಮೆಲ್ಲಗೆ. "ಅವಳ ಗಂಡ ಕಿಂದೆ ನಮ್ಮೂರಲ್ಲೇ ಇದ್ದಾನೆ. ಮತ್ತೆ ಮದುವೆ ಆಗ್ಲಿಲ್ಲ. ನನಗೆ ಜೇನು ಕಟ್ಟೋದು ಕಲಿಸಿದ್ದು ಅವನೇ."

ತುತ್ತು ಅವನ ಕೈಯಲ್ಲೇ ಆರಿಹೋಯಿತು. ನಾನೇ ಅವನ ಮಣಿಕಟ್ಟು ಹಿಡಿದು ಬಾಯಿಗಿಟ್ಟುಕೊಂಡೆ. "ಕಳಿಸು," ಅಂದೆ. "ಅಪ್ಪ ಅವರಜ್ಜಿ ಮಾತನ್ನೂ ಕೇಳ್ತಿರ್ಲಿಲ್ಲವಂತೆ, ಅಷ್ಟು ಹಟ. ಆದ್ರೂ ಕಳಿಸು."

ಹೆಣ್ಣು ಕೇಳಲು ಬಂದ ಹಿರಿಯರು ಕೂರುವ ಹಾಗಿಲ್ಲ. ನಿಂತೇ ಕೇಳಬೇಕು. ಹೆಣ್ಣಿನ ಅಪ್ಪ 'ಕೂತ್ಕೊಳ್ಳಿ' ಅಂದನೋ, ಕೊಟ್ಟ ಹಾಗೆ. ಅನ್ನಲಿಲ್ಲವೋ, ನಿಂತ ಕಾಲಲ್ಲೇ ವಾಪಸ್ಸು. ಮೊದಲ ಸಲ ಯಾರೂ ಕೂರಿಸುವುದಿಲ್ಲ, ಅದು ಪದ್ಧತಿ. ಸಂತೆಯೂರಿನ ಇಬ್ಬರು ಹಿರಿಯರು ಬಂದರು, ನಿಂತರು, ಹೋದರು. ಎರಡನೇ ಸಲವೂ ಹಾಗೇ ಆಯಿತು. ಅಪ್ಪ ಹೇಳಿದ್ದು ಒಂದೇ ಮಾತು.

"ಹುಡುಗ ಒಳ್ಳೆಯವನೇ ಇರಬಹುದು. ನೆಲ ಒಳ್ಳೇದಲ್ಲ."

ಮೂರನೇ ಸಲವೂ ಕೂರಿಸದಿದ್ದರೆ ಮತ್ತೆ ಬರುವುದು ಅಂತ ಇಲ್ಲ. ಅಪ್ಪ ಆಗಲೇ ಪಕ್ಕದ ಬೆಟ್ಟದ ಕುರಿಯವರ ಮನೆ ಹುಡುಗನೊಬ್ಬನ ಮಾತೆತ್ತಿದ್ದ. ನಾನು ಅನ್ನ ನೀರು ಬಿಟ್ಟೆ ಅಂತೆಲ್ಲ ಸುಳ್ಳು ಹೇಳುವುದಿಲ್ಲ. ತಿಂದೆ, ಅಳುತ್ತಾ ತಿಂದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಮೂರನೇ ಸಲ ಬಂದರು. ಈ ಸಲ ಇಬ್ಬರಲ್ಲ, ಮೂವರು. ಮೂರನೆಯವನು ತೆಳ್ಳಗೆ ಕಪ್ಪಗೆ ಇದ್ದ ಮುದುಕ, ಮೈಮೇಲೆ ಒಂದೇ ಪದರದ ಹತ್ತಿ ಬಟ್ಟೆ. ನಾನೂ ಅಮ್ಮನೂ ಒಲೆ ಹಿಂದಿನ ತಡಿಕೆಯ ಸಂದಿಯಿಂದ ನೋಡುತ್ತಿದ್ದೆವು. ಬೇಲಿಯಾಚೆ ಮಲೆದೆ ನಿಂತಿದ್ದ, ಹುಡುಗ ಒಳಗೆ ಬರುವ ಹಾಗಿಲ್ಲವಲ್ಲ.

ಅಪ್ಪ ಆ ಮುದುಕನನ್ನು ನೋಡಿದವನೇ ಎದ್ದು ನಿಂತ.

"ನೀನಾ?"

"ಹೂಂ ಅಯಲ್ನೆ, ನಾನೇ, ನಿನ್ನ ಭಾವ ಕಿಂದೆ."

"ಇನ್ನೂ ಬದುಕಿದ್ದೀಯಾ ನೀನು."

"ಬದುಕಿದೀನಿ. ಹೆಣ್ಣು ಕೇಳೋಕೆ ಬಂದಿದೀನಿ."

"ನಮ್ಮನೇದು ಒಂದು ತಗೊಂಡು ಹೋದೆಯಲ್ಲ, ಸಾಲದೇ ನಿಂಗೆ?"

ಸಂತೆಯೂರಿನ ಹಿರಿಯರು ನೆಲ ನೋಡಿದರು. ಅಷ್ಟರಲ್ಲಿ ಚೋಕೆಯ ತಲೆಯ ಮೇಲಿಂದ ಮೋಡ ಇಳಿಯಿತು. ನಮ್ಮ ಕಡೆ ಇದಕ್ಕೆ ಮುನ್ಸೂಚನೆ ಇರುವುದಿಲ್ಲ. ಪಟಪಟ ಅಂತ ಆಲಿಕಲ್ಲು ಶುರುವಾಯಿತು. ಸಂತೆಯೂರಿನವರು ಸೂರಿನ ಕೆಳಗೆ ಓಡಿಬಂದು ನಿಂತರು. ಕಿಂದೆ ಅಂಗಳದಲ್ಲೇ ನಿಂತ. ಆಲಿಕಲ್ಲು ಅವನ ಬೋಳುತಲೆಯ ಮೇಲೆ ಬಿದ್ದು ಪುಟಿಯುತ್ತಿದ್ದವು. ತುಟಿ ನೀಲಿಯಾಯಿತು, ಮೊಣಕಾಲು ಕುಟ್ಟತೊಡಗಿದವು.

"ಸತ್ತೇಹೋಗ್ತಾರೆ ಕಣ್ರೀ ಅವರು," ಅಂತ ಅಮ್ಮ ಒಳಗಿಂದಲೇ ಕೂಗಿದಳು.

ಅಪ್ಪ ಹಲ್ಲು ಕಚ್ಚಿಕೊಂಡು ನೋಡಿದ. ಕೊನೆಗೆ, "ಬಾ ಮಾರಾಯ ಒಳಗೆ. ಒಲೆ ಹತ್ರ ಕೂತ್ಕೋ. ಚಳಿಗೆ ಹೇಳ್ತಿದೀನಿ, ಹೆಣ್ಣಿಗಲ್ಲ. ಎಲ್ಲಾರೂ ಕೇಳಿಸ್ಕೊಳ್ಳಿ!" ಅಂದ.

"ಚಳಿಗೆ ಆದ್ರೆ ಕೂತ್ಕೊಳ್ಳಲ್ಲ," ಅಂದ ಕಿಂದೆ. ಹಲ್ಲು ಕಟಕಟ ಅನ್ನುತ್ತಿತ್ತು, ದನಿ ಮಾತ್ರ ಗಟ್ಟಿ. "ಹೆಣ್ಣಿಗೆ ಹೇಳು, ಕೂತ್ಕೋತೀನಿ. ನಿಮ್ಮೂರ ಆಲಿಕಲ್ಲಿಗೆ ನಾನೇನು ಹೊಸಬ ಅಲ್ಲ."

ಹಾಗಂದವನು ಬಗ್ಗಿ ಒಂದು ಹಿಡಿ ಆಲಿಕಲ್ಲು ಎತ್ತಿಕೊಂಡ. ತಮಾಷೆ ನೋಡಲು ಬೇಲಿಗೆ ಆತುಕೊಂಡಿದ್ದ ಪಕ್ಕದ ಮನೆಯವನಿಗೆ ಬಾಯಿ ತಡೆಯಲಿಲ್ಲ.

"ಅಯ್ಯೋ ನೋಡ್ರೋ, ಆಲಿಕಲ್ಲು ಹೊರೋಕೆ ಇನ್ನೊಬ್ಬ ಬಂದ!"

"ಇನ್ನೊಬ್ಬ ಅಲ್ಲಪ್ಪ," ಅಂದ ಕಿಂದೆ. "ಅವತ್ತಿನವನೂ ನಾನೇ."

ಮಲೆದೆ ಬೇಲಿಯಾಚೆ ತಲೆ ತಗ್ಗಿಸಿದ. ನನಗೆ ಸಂತೆಯ ಆ ಮೊದಲ ದಿನ ನೆನಪಾಗಿ ಮೈಯೆಲ್ಲ ತಣ್ಣಗಾಯಿತು.

ಕಿಂದೆ ಯಾರನ್ನೂ ನೋಡಲಿಲ್ಲ, ಕೈಯಲ್ಲಿದ್ದ ಹಿಡಿಯನ್ನೇ ನೋಡುತ್ತಾ ಮಾತಾಡಿದ.

"ಜ್ವರದಲ್ಲಿ ಅಸ್ನಕು ನೀರು ಕೇಳ್ಲಿಲ್ಲ. 'ನಮ್ಮೂರ ಆಲಿಕಲ್ಲು ಒಂದು ಹಿಡಿ ತಂದ್ಕೊಡು, ಬಾಯಲ್ಲಿ ಇಟ್ಕೋತೀನಿ' ಅಂದ್ಲು. ಆಗೇನು ರಸ್ತೆ ಇತ್ತಾ, ಲಾರಿ ಇತ್ತಾ? ಹತ್ತಿದೆ. ದೇವರು ದೊಡ್ಡವನು, ನಾನು ಬರೋಷ್ಟ್ರಲ್ಲಿ ಬಿದ್ದಿತ್ತು. ಬಾಳೆ ಎಲೆಯಂಥ ಕೋಬಾ ಎಲೆ ಕೊಯ್ದು ಅದರಲ್ಲಿ ಕಟ್ಟಿದೆ, ಮೇಲೆ ಹುಲ್ಲು ಸುತ್ತಿದೆ. ಗುಡ್ಡದ ಮೇಲಿಂದ ಯಾರೋ ನಗ್ತಿದ್ರು. ನಿಂತು ಹೇಳೋಕೆ ನನಗೆ ಪುರುಸೊತ್ತು ಇರ್ಲಿಲ್ಲ. ಬಾರ್ಲಿ ಹೊಲ ಮುಗಿಯೋ ತನಕ ಗಂಟು ಭಾರ ಇತ್ತು. ತೆಫ್ ಹೊಲದಲ್ಲಿ ತೊಟ್ಟಿಕ್ಕೋಕೆ ಶುರು ಆಯ್ತು. ಜಾಲಿಮರ ಕಂಡಾಗ ಕೈಯಲ್ಲಿ ಎಲೆ ಮಾತ್ರ ಇತ್ತು. ಆ ಒದ್ದೆ ಎಲೆನಾದ್ರೂ ಅವಳ ಹಣೆಗೆ ಇಡೋಣ ಅಂತ ಓಡಿದೆ. ಹೆಂಗಸರು ಆಗ್ಲೇ ಅಳ್ತಾ ಕೂತಿದ್ರು."

ನಾನು ಅಪ್ಪನ ಮುಖ ನೋಡಿದೆ. ಆ ನಡಿಗೆಯನ್ನು ಮಾಡಿ ತೋರಿಸುತ್ತಿದ್ದ ಅಪ್ಪ, ಮೊದಲು ನಕ್ಕವನು, ನಮಗೆಲ್ಲ ನಗಲು ಕಲಿಸಿದವನು. ತಾನು ಕಂಡದ್ದು ಅಕ್ಕನ ಗಂಡನನ್ನು, ಅವನು ಓಡಿದ್ದು ಅಕ್ಕನಿಗಾಗಿ ಅನ್ನುವುದು ಅವನಿಗೆ ಆ ಅಂಗಳದಲ್ಲಿ, ಇಷ್ಟು ವರ್ಷ ಆದಮೇಲೆ ಗೊತ್ತಾಯಿತು.

ಅಪ್ಪ ಬರಿಗಾಲಲ್ಲಿ ಆಲಿಕಲ್ಲಿನ ಮೇಲೆ ನಡೆದುಹೋದ. ತಾನು ಹೊದ್ದಿದ್ದ ಉಣ್ಣೆಯ ಕಂಬಳಿ ತೆಗೆದು ಕಿಂದೆಯ ತಲೆ ಮೇಲಿಂದ ಹೊದಿಸಿದ. ಅವನ ಮಣಿಕಟ್ಟು ಹಿಡಿದುಕೊಂಡ.

"ನಗ್ತಿದ್ದವನು ನಾನು ಕಣೋ," ಅಂದ.

ಕಿಂದೆ ಕಂಬಳಿಯನ್ನು ಮೈಗೆ ಎಳೆದುಕೊಂಡ. ಆಮೇಲೆ, "ಹುಡುಗ ಆಗಿದ್ದೆ ನೀನು," ಅಂದ.

"ಬಾ, ಕೂತ್ಕೋ."

"ಚಳಿಗೋ, ಹೆಣ್ಣಿಗೋ?"

"ಎರಡಕ್ಕೂ."

ಅಮ್ಮ ಅಳುತ್ತಲೇ ನಾಲಿಗೆ ಹೊರಳಿಸಿ 'ಇಲಿಲಿಲಿ' ಅಂತ ಊರಿಗೆಲ್ಲ ಕೇಳುವ ಹಾಗೆ ಶುಭದ ಕೂಗು ಹಾಕಿದಳು. ನಾನು ಹಿಂಬಾಗಿಲಿಂದ ಬೇಲಿಗೆ ಓಡಿದೆ. ಮಲೆದೆ ತಲೆಯಿಂದ ಕಾಲಿನ ತನಕ ನೆನೆದು, ಮೇಲಿನ ಹುಲ್ಲುಗಾವಲಿನಲ್ಲಿ ಒಂಟಿಯಾಗಿ ನಿಲ್ಲುವ ಜಿಬ್ರಾ ಗಿಡದ ಹಾಗೆ ನೆಟ್ಟಗೆ ನಿಂತಿದ್ದ.

"ಏ-ಏನಾಯ್ತು?"

"ಕೂತ್ರು."

ಅವನೂ ಅಲ್ಲೇ ಕೆಸರಿನಲ್ಲಿ ಧೊಪ್ಪಂತ ಕೂತುಬಿಟ್ಟ. "ನಿನ್ನನ್ನ ಯಾರಪ್ಪಾ ಕೂರಿಸಿದ್ದು?" ಅಂದೆ. ನಗುತ್ತಿದ್ದನೋ ನಡುಗುತ್ತಿದ್ದನೋ ತಿಳಿಯಲಿಲ್ಲ. ಅವನ ಮೂಗಿನ ತುದಿಯಲ್ಲಿದ್ದ ಹನಿಯನ್ನು ನನ್ನ ಸೆರಗಿನಿಂದ ಒರೆಸಿದೆ. ಪಕ್ಕದ ಮನೆಯವನು ನೋಡುತ್ತಿದ್ದ, ನೋಡಿಕೊಳ್ಳಲಿ.

ಜನವರಿಯಲ್ಲಿ ತಿಮ್ಕತ್ ಹಬ್ಬ ಕಳೆದ ಮೇಲೆ ಮದುವೆ ಆಯಿತು. ಗಂಡಿನ ಕಡೆಯಿಂದ ಬಂದ ಉಡುಗೊರೆಯ ಗಂಟು ಬಿಚ್ಚಿದರೆ, ಕಸೂತಿ ಬಟ್ಟೆ, ಕೊಡೆ, ಅದರಡಿಯಲ್ಲಿ ಒಂದು ಸೊಳ್ಳೆಪರದೆ! ಹೆಂಗಸರು ಬಿದ್ದು ಬಿದ್ದು ನಕ್ಕರು. ಅಪ್ಪ ನಗಲಿಲ್ಲ. ಪರದೆಯನ್ನು ಬೆಳಕಿಗೆ ಹಿಡಿದು, ತೂತು ಇದೆಯೇ ಅಂತ ಬೆರಳಾಡಿಸಿ ನೋಡಿದ.

"ದಿನಾ ಕಟ್ತೀಯೇನಪ್ಪಾ?" ಅಂತ ಮಲೆದೆಯನ್ನು ಕೇಳಿದ.

"ದಿನಾ ಕಟ್ತೀನಿ. ಮೈ ಬಿಸಿ ಅಂದ್ರೆ ಆ ಗಳಿಗೇಲೇ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ, ಮಾವ."

"ಅವಳು ಬೇಡ ಅಂತಾಳೆ, ಹಟಮಾರಿ."

"ಹೊತ್ಕೊಂಡು ಹೋಗ್ತೀನಿ."

ಕೊಲ್ಲಾದ ಮೊದಲ ತಿಂಗಳು ನಾನು ಒಲೆಯೊಳಗೆ ಬಿದ್ದ ಬೆಣ್ಣೆಯಂತಾಗಿದ್ದೆ. ಅತ್ತೆಮ್ಮ ನನ್ನ ಬೆನ್ನಿಗೆ ಒದ್ದೆ ಬಟ್ಟೆ ಹಾಕುತ್ತ, "ನಮ್ಮ ಬೆಣ್ಣೆ ಮುದ್ದೆ, ಕರಗ್ಬೇಡ ಕಣೇ" ಅನ್ನುತ್ತಿದ್ದಳು. ಮಲೆದೆ ಸಂಜೆ ಪರದೆ ಕಟ್ಟುವುದನ್ನು ಒಂದು ದಿನವೂ ತಪ್ಪಿಸಲಿಲ್ಲ. ಪರದೆಯೊಳಗೆ ಕೂತು ಜಗಳವಾಡುತ್ತಿದ್ದೆವು. ಹೊರಗೆ ಹೋದರೆ ಸೊಳ್ಳೆ, ಹಾಗಾಗಿ ಮುನಿಸಿಕೊಂಡು ಎದ್ದು ಹೋಗುವ ಹಾಗೂ ಇಲ್ಲ. ಬೇಗ ರಾಜಿಯಾಗುತ್ತಿತ್ತು.

ಮಳೆಗಾಲದ ನಡುವೆ ಒಂದು ಮಧ್ಯಾಹ್ನ, ಬಾಗಿಲಲ್ಲಿ ನೆರಳು ಬಿತ್ತು. ನೋಡಿದರೆ ಅಪ್ಪ! ಅಸ್ನಕು ಅತ್ತೆ ಸತ್ತ ಮೇಲೆ ತೆಫ್ ಹೊಲ ದಾಟಿ ಕೆಳಗೆ ಕಾಲಿಡದವನು. ಬೆವರು ಗಡ್ಡದಿಂದ ಇಳಿಯುತ್ತಿತ್ತು. ಎದೆಗೆ ಏನನ್ನೋ ಅವಚಿ ಹಿಡಿದಿದ್ದ, ಉಣ್ಣೆ ಸಮೇತ ಇದ್ದ ಕುರಿಯ ಚರ್ಮದ ಗಂಟು.

"ಅಪ್ಪಾ! ಏನಾಯ್ತು? ಅಮ್ಮ ಹುಷಾರಾ?"

"ಎಲ್ಲಾ ಹುಷಾರು. ದಾರಿ ಬಿಡು. ಕಿಂದೆ ಎಲ್ಲಿ?"

"ಕೂತ್ಕೋ ಮೊದ್ಲು, ನೀರು..."

"ಕೂರೋಕೆ ಪುರುಸೊತ್ತಿಲ್ಲ ಮಗಳೇ! ಬೆಳಿಗ್ಗೆ ಬಿತ್ತು. ಲಾರಿಯವನಿಗೆ ಬೈದು ಬೈದು ಓಡಿಸ್ಕೊಂಡು ಬಂದಿದೀನಿ."

ಆಗ ನನಗೆ ಅರ್ಥವಾಯಿತು. ಮಲೆದೆ ಓಡಿಹೋಗಿ ಜೇನುಗೂಡಿನ ಹತ್ತಿರ ಇದ್ದ ಕಿಂದೆಯನ್ನು ಕರೆತಂದ. ನಾಲ್ವರೂ ಇಗರ್ಜಿಯ ಹಿಂದೆ ಜಾಲಿಮರದ ಕೆಳಗಿನ ಗೋರಿಗೆ ಹೋದೆವು. ಬರೀ ಕಲ್ಲಿನ ಗುಡ್ಡೆ ಅದು, ಆದರೆ ಸುತ್ತ ಒಂದು ಕಳೆಯಿರಲಿಲ್ಲ. ಯಾರು ಕೀಳುತ್ತಾರೆ ಅಂತ ಅಪ್ಪ ಕೇಳಲಿಲ್ಲ.

ಅಪ್ಪ ಮಂಡಿಯೂರಿ ಗಂಟು ಬಿಚ್ಚಿದ. ಕುರಿಯ ಚರ್ಮ, ಅದರೊಳಗೆ ಹುಲ್ಲು, ಹುಲ್ಲಿನೊಳಗೆ ಕೋಬಾ ಎಲೆ, ಎಲೆಯೊಳಗೆ ಮತ್ತೊಂದು ಎಲೆ. ಎಲೆಯಿಂದ ನೀರು ಸೋರಿತು, ಅಪ್ಪ "ಅಯ್ಯೋ" ಅಂದ. ಕೊನೆಯ ಎಲೆಯೊಳಗೆ, ಒಂದಕ್ಕೊಂದು ಅಂಟಿಕೊಂಡು, ನಿಂಬೆಹಣ್ಣಿನಷ್ಟು ಉಳಿದಿತ್ತು.

"ನೀನು ಇಡು," ಅಂತ ಕಿಂದೆಯ ಅಂಗೈಗೆ ಹಾಕಿದ.

ಕಿಂದೆ ಅದನ್ನು ಗೋರಿಯ ಕಲ್ಲಿನ ಮೇಲೆ ಇಟ್ಟ, ಕೈ ತೆಗೆಯಲಿಲ್ಲ. ನಾವು ನೋಡುತ್ತಿದ್ದ ಹಾಗೇ ಅದು ಅವನ ಬೆರಳುಗಳ ಸಂದಿಯಿಂದ ಹರಿದು ಕಲ್ಲಿನೊಳಕ್ಕೆ ಇಳಿಯಿತು.

"ತಲುಪ್ತು ಕಣೇ, ಅಸ್ನಕು," ಅಂದ.

ಅಪ್ಪ ಮಗುವಿನ ಹಾಗೆ ಅತ್ತ. ಕಿಂದೆ ಅವನ ಬೆನ್ನು ಸವರುತ್ತಾ ಕೂತಿದ್ದ.

ಸಂಜೆ ಇಬ್ಬರೂ ಮುದುಕರು ನಮ್ಮ ಬಾಗಿಲಲ್ಲಿ ಜೋಳದ ಹುರಿಗಾಳು ತಿನ್ನುತ್ತ ಕೂತಿದ್ದರು, ಕೊಲ್ಲಾದ ಸೆಕೆ ಕೆಟ್ಟದ್ದೋ ದೆಗಾದ ಚಳಿ ಕೆಟ್ಟದ್ದೋ ಅಂತ ವಾದ. ಅಪ್ಪನನ್ನು ಯಾರೂ ಕೂತ್ಕೋ ಅಂದಿರಲಿಲ್ಲ, ತಾನೇ ಕೂತಿದ್ದ.

ನಾನು ಹೊರಗೆ ಕಲ್ಲಿನ ಮೇಲೆ ಕೂತಿದ್ದೆ. ಮಲೆದೆ ಪಕ್ಕಕ್ಕೆ ಬಂದ.

"ನಾನು ಕೇಳಿದ್ರೆ ನೀನು ತರ್ತೀಯಾ?" ಅಂದೆ.

"ಆಲಿಕಲ್ಲಾ? ತರ್ತೀನಿ. ಆದ್ರೆ ನಿನಗೆ ಜ್ವರ ಬರೋಕೆ ನಾನು ಬಿಡಲ್ಲ, ಸುಮ್ನೆ ಆಸೆ ಇಟ್ಕೋಬೇಡ."

ನದಿಯ ಕಡೆಯಿಂದ ಮಳೆಗಾಳಿ ಬೀಸಿತು. ಜಾಲಿಮರಗಳು ಅಲ್ಲಾಡಿದವು. ನಾನು ಸೆರಗನ್ನು ಹೆಗಲ ತುಂಬ ಎಳೆದುಕೊಂಡೆ. ಮಲೆದೆ ಹುಬ್ಬೇರಿಸಿ ನನ್ನನ್ನೇ ನೋಡಿದ, ಸಂತೆಯ ಆ ಮೊದಲ ದಿನದ ಹಾಗೇ.

"ಏನಮ್ಮಾ, ಜ್ವರಾನಾ?"

"ಚಳಿ."

"ಚಳಿನಾ? ಈ ಬೆಂಕಿಲಿ?"

"ಬಾಯ್ಮುಚ್ಕೊಂಡು ಈ ಕಡೆ ಸರಿ," ಅಂದೆ. ಸರಿದ.